ಪಟ್ಟಿಯಲ್ಲಿಲ್ಲದ ಗಂಟೆ

ಹನ್ನೊಂದು ವರ್ಷದ ಹಿಂದೆ ಹೊತ್ತಿಸಿದ ಕುಲುಮೆ
ಇದುವರೆಗೆ ಒಂದು ದಿನ ಕಣ್ಣು ಮುಚ್ಚಿಲ್ಲ.
ಮುಚ್ಚಿದರೆ ಒಳಗಿನ ಗಾಜು ಹೆಪ್ಪುಗಟ್ಟಿ
ಕುಲುಮೆಯೇ ಸೀಳುತ್ತದಂತೆ.
ಹಾಗಾಗಿ ನಾವು ಸರದಿಯ ಮೇಲೆ ಮುಚ್ಚುತ್ತೇವೆ:
ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ.

ಪಟ್ಟಿ ಬರೆಯುವವಳು ನಾನು, ಬ್ಲಾಂಕಾ.
ಬೊಹೀಮಿಯಾದ ಉತ್ತರದ ಗುಡ್ಡಗಳ ಬುಡದಲ್ಲಿ
ಅರವತ್ತೆರಡು ಜನರ ನಿದ್ದೆ
ನನ್ನ ಸೀಸದಕಡ್ಡಿಯ ತುದಿಯಲ್ಲಿದೆ.
ರಬ್ಬರು ಬೇಗ ಸವೆಯುತ್ತದೆ.

ಯಾರಿಗೆ ಯಾವಾಗ ಬೇಡವೆಂಬುದು ಬಾಯಿಪಾಠ:
ರಾದೋವಾನನ ಮಗಳಿಗೆ ಬುಧವಾರ ಪಿಟೀಲು ಪಾಠ,
ವೆಂದುಲಾಳ ತಾಯಿಗೆ ಮಂಗಳ, ಗುರು, ಶನಿ ಡಯಾಲಿಸಿಸ್.
ಒಟಕಾರ್ ಮತ್ತವನ ಮಾಜಿ ಹೆಂಡತಿಯನ್ನು
ಒಂದೇ ಪಾಳಿಗೆ ಹಾಕಬಾರದು;
ಇತ್ತೀಚೆಗೆ ಇಬ್ಬರೂ ಬೇರೆ ಬೇರೆಯಾಗಿ ಬಂದು
ಹಾಕಿದರೂ ಪರವಾಗಿಲ್ಲ ಅಂದಿದ್ದಾರೆ.
ವಿಯೆಟ್ನಾಮಿನಿಂದ ಬಂದವರ ಮಗಳು ಥುಯ್
ಏನೂ ಕೇಳುವುದಿಲ್ಲ.
ಕೇಳದವರ ಹೆಸರು ಖಾಲಿ ಚೌಕಗಳಿಗೆ
ತಾನಾಗಿ ಹೋಗಿ ಕೂರುತ್ತದೆ.
ನಾನಿದನ್ನು ಗಮನಿಸಿದ್ದು ಮೂರನೆಯ ಡಿಸೆಂಬರಿನಲ್ಲಿ.
ನಾಚಿಕೆಯಾಯಿತು.
ಆಮೇಲೂ ಒಮ್ಮೆ ಹಾಕಿದೆ.

ಅಕ್ಟೋಬರಿನ ಕೊನೆಯ ಭಾನುವಾರ
ಮೂರಾಗಬೇಕಾದ ಗಡಿಯಾರ ಮತ್ತೆ ಎರಡಾಗುತ್ತದೆ.
ಚಳಿಗಾಲದ ಸಮಯವಂತೆ, ಸರಕಾರದ ಲೆಕ್ಕ.
ಊರೆಲ್ಲ ಒಂದು ಗಂಟೆ ಹೆಚ್ಚು ಮಲಗುತ್ತದೆ,
ಕುಲುಮೆಯ ಮುಂದಿನವರು ಒಂದು ಗಂಟೆ ಹೆಚ್ಚು ನಿಲ್ಲುತ್ತಾರೆ.
ಪಟ್ಟಿಯಲ್ಲಿ ಎಂಟೇ ಚೌಕ.
ಸಂಬಳದ ಕಂಪ್ಯೂಟರು ಹತ್ತರಿಂದ ಆರು ಎಣಿಸಿ
ಎಂಟು ಎನ್ನುತ್ತದೆ.
ಅದಕ್ಕೆ ಕೂಡಿ ಕಳೆಯಲು ಬರುತ್ತದೆ,
ನಿಂತು ಗೊತ್ತಿಲ್ಲ.

"ಮಾರ್ಚಿನಲ್ಲಿ ಗಡಿಯಾರ ಮುಂದೆ ಹಾರಿದಾಗ
ಏಳು ಗಂಟೆ ದುಡಿದು ಎಂಟರ ಕೂಲಿ ತಗೊಳ್ಳಲಿಲ್ಲವೇ?
ಅಲ್ಲಿಗಲ್ಲಿಗೆ ಸರಿ," ಅಂದರು ಮೇಲಿನ ಕೊಠಡಿಯ ಹ್ಲಾವಾಚ್.

ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ.
ಮಾರ್ಚಿನ ಆ ರಾತ್ರಿ ಒಟಕಾರ್, ರಾದೋವಾನ್, ಮತ್ತಿಬ್ಬರು.
ಈ ಅಕ್ಟೋಬರಿಗೆ ಥುಯ್.
ಹೋದ ಅಕ್ಟೋಬರಿಗೆ ಥುಯ್.
ಅದರ ಹಿಂದಿನದಕ್ಕೂ.
ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸಿ
ಪಂಕ್ತಿ ಮುಗಿಯಿತು ಅನ್ನುವ ಲೆಕ್ಕ.
ಬಡಿಸಿದ್ದು ನನ್ನದೇ ಕೈ.

ಆ ರಾತ್ರಿ ಮನೆಯಲ್ಲಿರಲಾಗದೆ ಬಂದೆ.
ಬೆಳಕಿನ ಪರದೆಯ ಮುಂದೆ ಸಾಗುವ ಸೀಸೆಗಳಲ್ಲಿ
ಥುಯ್ ಬಿರುಕು ಹುಡುಕುತ್ತಿದ್ದಳು.
"ಏನಾಯಿತು? ಯಾರಾದರೂ ತೀರಿಕೊಂಡರಾ?"
"ಇಲ್ಲ. ನೀನು ಹೋಗಿ ಕೂತುಕೋ.
ಈ ಎರಡರಿಂದ ಮೂರು ನನ್ನದು."
"ಯಾವುದು? ಮೊದಲನೆಯದೋ, ಎರಡನೆಯದೋ?"
ನನಗೆ ಗೊತ್ತಾಗಲಿಲ್ಲ.

ಇಪ್ಪತ್ತು ನಿಮಿಷಕ್ಕೆಲ್ಲ ನನ್ನ ಕಣ್ಣಿಗೆ
ಒಳ್ಳೆಯ ಸೀಸೆಯೂ ಬಿರಿದಂತೆ ಕಂಡಿತು.
ಅವಳು ಹೋಗಲಿಲ್ಲ. ಪಕ್ಕದಲ್ಲೇ ನಿಂತು,
ಇಲ್ಲಿ ತಿನ್ನಬಾರದೆಂದು ನಾನೇ ಬರೆಸಿದ ಫಲಕದ ಕೆಳಗೆ
ಕಲ್ಲಂಗಡಿ ಬೀಜ ಸುಲಿಯುತ್ತ
ನಾನು ಬಿಟ್ಟದ್ದನ್ನು ಹಿಡಿಯುತ್ತಿದ್ದಳು.

"ಪ್ರತಿ ಸಲ ನಿನ್ನನ್ನೇ ಹಾಕಿದ್ದೇನೆ."
"ಗೊತ್ತು."
"ಯಾಕೆ ಕೇಳಲಿಲ್ಲ?"
"ಪಟ್ಟಿ ನಿಮ್ಮದು. ನೀವ್ಯಾಕೆ ಕೇಳಲಿಲ್ಲ?"

ಅಷ್ಟರಲ್ಲಿ ಗೋಡೆಯ ಗಡಿಯಾರ ಗಿರಗಿರ ತಿರುಗಿತು.
ಅದರ ಮುಳ್ಳುಗಳಿಗೆ ಹಿಂದೆ ಸರಿಯಲು ಬಾರದು;
ಒಂದು ಗಂಟೆ ಹಿಂದಕ್ಕೆ ಹೋಗಲು
ಹನ್ನೊಂದು ಗಂಟೆ ಮುಂದೆ ಓಡಿ
ಏದುಸಿರಿನಲ್ಲಿ ಎರಡಕ್ಕೆ ಬಂದು ನಿಂತವು.
ಸೀಸೆಗಳು ನಿಲ್ಲಲಿಲ್ಲ.

ಬೆಳಿಗ್ಗೆ ಪಟ್ಟಿಯ ಅಂಚಿಗೆ
ಒಂಬತ್ತನೆಯ ಚೌಕ ಎಳೆದೆ, ಶಾಯಿಯಲ್ಲಿ.
ಗೆರೆ ಸೊಟ್ಟ. ಹ್ಲಾವಾಚ್ ಒಪ್ಪುತ್ತಾರೋ ಕಾಣೆ.
ಮುಂದಿನ ಮಾರ್ಚಿನ ಹಾಳೆ ತೆಗೆದು
ಆ ಗಿಡ್ಡ ರಾತ್ರಿಗೆ ಅವಳ ಹೆಸರು ಬರೆದು
ದೊಡ್ಡ ಉಪಕಾರ ಮಾಡಿದವಳಂತೆ ತೋರಿಸಿದೆ.

ಥುಯ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓದಿದಳು.
"ಮಾರ್ಚಿನಲ್ಲಿ ಬೇಡ.
ಆ ವಾರ ನನಗೆ ರಜೆ ಬೇಕು."

ರಬ್ಬರು ಹುಡುಕಿದೆ.